ನಡುಹೊಳೆಯಲ್ಲಿ ನಿಂತ ಹಾಡು

ನವೆಂಬರ್ 11, ಮಂಗಳವಾರ

ಬೆಳಿಗ್ಗೆಯಿಂದ ಸಾಯುತ್ತಲೇ ಇದ್ದೇನೆ. ಬಂಡೆಗೆ ಬಡಿದು ಸತ್ತೆ. ಸುಳಿಗೆ ಸಿಕ್ಕಿ ಸತ್ತೆ. ಊಟವಾದ ಮೇಲೆ ದಡದಲ್ಲಿ ಸುಮ್ಮನೆ ನಿಂತಿದ್ದಾಗ ಕಾಲ ಕೆಳಗಿನ ನೆಲವೇ ಮಾಯವಾಗಿ ಸತ್ತೆ. ಅದು ಬಗ್, ಗೇಮಿನೊಳಗಿನ ತಪ್ಪು. ಬರೆದು ಕಳಿಸಿದೆ. ಸಂಬಳ ಬರುವುದೇ ಇದಕ್ಕೆ — ಗೇಮಿನಲ್ಲಿ ಎಲ್ಲೆಲ್ಲಿ ಸಾಯಬಹುದೋ ಅಲ್ಲೆಲ್ಲ ಸತ್ತು ವರದಿ ಕೊಡುವುದು. ಅಮ್ಮ ಮಾತ್ರ ಕೇಳಿದವರಿಗೆಲ್ಲ 'ನಮ್ಮ ಅಂಕಿತಾಗೆ ಹೊನ್ನಾವರದಲ್ಲಿ ಕಂಪ್ಯೂಟರ್ ಕೆಲಸ' ಎನ್ನುತ್ತಾಳೆ. ಸುಳ್ಳೇನಲ್ಲ.

ಆಫೀಸೆಂದರೆ ಬೇಕರಿಯ ಮೇಲಿನ ಒಂದೇ ಕೋಣೆ. ವಿಘ್ನೇಶಣ್ಣ ಯಜಮಾನ. ಕೋಡ್ ಬರೆಯುವವನು ಭಟ್ಕಳದ ಅಫ್ಫಾನ್. ದುಬೈಯಿಂದ ಅವನ ಅಣ್ಣ ಕಳಿಸಿದ ಕಂಪ್ಯೂಟರಿಗೆ ಬಾಣಂತಿ ಕೋಣೆಯ ಮಗುವಿಗೆ ಹೊದಿಸಿದ ಹಾಗೆ ಬಟ್ಟೆ ಹೊದಿಸುತ್ತಾನೆ. ಗೇಮಿನ ಹೆಸರು 'ಕಡವು', ದೋಣಿಯಲ್ಲಿ ಹೊಳೆ ದಾಟುವ ಜಾಗ. ಆಡುವವನೇ ಅಂಬಿಗ. ಮದುಮಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊಳೆ ದಾಟಿಸಬೇಕು. ಅಷ್ಟೇ. ಅಷ್ಟಕ್ಕೇ ಎರಡು ವರ್ಷ ಹಿಡಿದಿದೆ.

ಹೊರಡುವಾಗ ವಿಘ್ನೇಶಣ್ಣ ಕರೆದ. "ನಿಮ್ಮಜ್ಜಿ ಮದ್ವೆಮನೇಲಿ ಹಾಡ್ತಿದ್ರಲ್ಲ, ಒಂದು ರೆಕಾರ್ಡ್ ಮಾಡ್ಕೊಂಡು ಬಾ. ಸ್ಟುಡಿಯೋದವ್ರು ಹಾಡಿದ್ದು ಬೇಡ, ಒರಿಜಿನಲ್ ಬೇಕು."

ಒರಿಜಿನಲ್ ಅಂತೆ. ಅಜ್ಜಿ ಕೇಳಿದರೆ ನಗುತ್ತಾಳೆ.

ನವೆಂಬರ್ 16, ಭಾನುವಾರ

ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದೆ. ಫ್ಯಾನ್ ಬಂದ್. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದ್ದಾಯಿತು. ಅಜ್ಜಿ ಒಳ್ಳೆಯ ಸೀರೆ ಉಟ್ಟು ಬಂದಳು. ಧ್ವನಿ ಮಾತ್ರ ಹೋಗುವುದು ಅಂದರೂ ಕೇಳಲಿಲ್ಲ.

ಅವಳು ಮದುವೆಮನೆಯಲ್ಲಿ ಹಾಡದೆ ಎರಡು ವರ್ಷವಾಯಿತು. ಈ ಹಾಡುಗಳಿಗೆ ಇಬ್ಬರು ಬೇಕು. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಅದನ್ನೇ ಹಿಡಿದು ತಿರುಗಿ ಹಾಡಬೇಕು. ಹಿಡಿಯುತ್ತಿದ್ದವಳು ಪಕ್ಕದ ಮನೆಯ ಬಂಗಾರಿ. ಅವಳು ತೀರಿಕೊಂಡ ಮೇಲೆ ನಮ್ಮೂರು ಹೊಳನಗದ್ದೆಯ ಯಾವ ಮದುವೆಗೂ ಅಜ್ಜಿ ಬಾಯಿ ತೆರೆದದ್ದಿಲ್ಲ. ಇವತ್ತು ನನಗಾಗಿ ಎರಡೂ ಕಡೆ ತಾನೇ ಹಾಡಿದಳು.

ದೋಣಿ ಹಾಡು. 'ಮೆಲ್ಲಕೆ ಹಾಕೋ ಹುಟ್ಟ ಅಂಬಿಗರಣ್ಣ, ಮದುಮಗಳ ಸೆರಗು ನೆನೆದೀತು...' ಮೈ ಜುಂ ಎಂದಿತು. ಈ ಮುದುಕಿ ಇಷ್ಟನ್ನೆಲ್ಲ ಎಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಅರ್ಧ ಹಾಡು ಆಗಿತ್ತು... ಆಚೆ ಗದ್ದೆಗೆ ಕೊಯ್ಲಿನ ಮಷಿನ್ ಬಂತು. ಕೈ ತೋರಿಸಿ ನಿಲ್ಲಿಸಿದೆ.

"ಸಾಕಜ್ಜಿ. ಉಳಿದದ್ದು ನಾಳೆ."

"ನಡುಹೊಳೆಲಿ ಬಿಡೂಕಾಗ ತಂಗಿ. ದೋಣಿ ದಡ ಮುಟ್ಬೇಕು. ಇಲ್ದಿದ್ರೆ ಹೆಣ್ಣು ನೀರಲ್ಲೇ ಉಳೀತದೆ." ಮೊಮ್ಮಗಳಾದರೂ ಅಜ್ಜಿಗೆ ನಾನು 'ತಂಗಿ'ಯೇ.

"ಮಷಿನ್ ಸದ್ದೇ ಬರ್ತದೆ ಅಜ್ಜಿ. ನಾಳೆ ಖಂಡಿತ."

ಅಜ್ಜಿ ಬಾಯಿಗೆ ಬಂದ ಸೊಲ್ಲನ್ನು ನುಂಗಿಕೊಂಡ ಹಾಗಿತ್ತು. "ಆತು. ಅಲ್ಲೀವರೆಗೆ ಯಾರಿಗೂ ಕೊಡ್ಬೇಡ."

ಸಂಜೆ — ವಿಘ್ನೇಶಣ್ಣನ ಫೋನಿನ ಮೇಲೆ ಫೋನು. ಡೆಮೊಗೆ, ಜನ ಮೊದಲು ಆಡಿ ನೋಡುವ ತುಣುಕಿಗೆ, ಇವತ್ತೇ ಹಾಕಬೇಕಂತೆ. ಕಳಿಸಿಬಿಟ್ಟೆ. ಇದ್ದಷ್ಟನ್ನೇ.

ನವೆಂಬರ್ 19, ಬುಧವಾರ

ಗೇಮಿನಲ್ಲಿ ಹಾಡು ಕೂತಿತು. ದೋಣಿ ದಡ ಬಿಟ್ಟ ಕೂಡಲೇ ಶುರು. ಎಷ್ಟು ಚೆನ್ನಾಗಿದೆಯೆಂದರೆ ಕಣ್ಣು ಮಂಜಾಗಿ ಬಂಡೆ ಕಾಣಲಿಲ್ಲ. ಬಡಿದೆ. 'ಸೆರಗು ನೆ—' ಕಟ್. ಮತ್ತೆ ಮೊದಲಿಂದ. ಮತ್ತೆ ಬಡಿದೆ. 'ಹುಟ್ಟ ಅಂ—' ಕಟ್. ನನ್ನ ಕೆಲಸವೇ ಸಾಯುವುದು ತಾನೇ. ದಿನವಿಡೀ ಅಜ್ಜಿಯ ಬಾಯಿಗೆ ಕೈ ಅಡ್ಡ ಹಿಡಿಯುತ್ತ ಕೂತ ಹಾಗಾಯಿತು.

ವಿಘ್ನೇಶಣ್ಣನಿಗೆ ಹೇಳಿದೆ, ದೋಣಿ ಮಗುಚಿದರೂ ಹಾಡು ನಿಲ್ಲಬಾರದು ಎಂದು.

"ಸತ್ತ ಕೂಡ್ಲೆ ಮತ್ತೆ ಶುರು ಆಗ್ಬೇಕು ಅಂಕಿತಾ. ಕಾಯ್ಸಿದ್ರೆ ಜನ ಬೇರೆ ಗೇಮಿಗೆ ಹೋಗ್ತಾರೆ." ಅವನು ಹೇಳುವುದೂ ಸರಿ. ನಾನೂ ಆಡುವವಳೇ, ನಾನಾದರೂ ಕಾಯುತ್ತೇನೆಯೇ.

ಮನೆಗೆ ಬಂದರೆ ಅಜ್ಜಿ ಜಗಲಿಯಲ್ಲೇ ಕಾದಿದ್ದಳು. "ನಾಳೆ ಅಂದಿದ್ಯಲ್ಲೇ? ಮೂರು ನಾಳೆ ಆತು."

ಧ್ವನಿ ಗೊರಗೊರ. ಶೀತ ಅಂತೆ. ಶೀತ ಬಿಡಲಿ, ಭಾನುವಾರ ಕೂರೋಣ ಎಂದೆ.

ಡಿಸೆಂಬರ್ 8, ಸೋಮವಾರ

ಬರೆಯದೆ ಎಷ್ಟು ದಿನವಾಯಿತೋ. ಭಾನುವಾರಗಳನ್ನೆಲ್ಲ ಬಗ್‌ಗಳೇ ತಿಂದವು. ಶುಕ್ರವಾರ ಡೆಮೊ ಬಿಟ್ಟೆವು. ಎರಡು ದಿನ ನಾಯಿಯೂ ಮೂಸಲಿಲ್ಲ. ನಿನ್ನೆ ಯಾವುದೋ ದೊಡ್ಡ ಚಾನೆಲ್ಲಿನ ಸ್ಟ್ರೀಮರ್ ಒಬ್ಬ ಲೈವ್‌ನಲ್ಲಿ ಆಡಿದ. ಆಡಿದ ಎನ್ನುವುದಕ್ಕಿಂತ ಸತ್ತ. ಕನ್ನಡ ಬರುವುದಿಲ್ಲ ಅವನಿಗೆ. ಹಾಡು ಶುರುವಾಗುತ್ತದೆ, ಅವನು ಕಣ್ಣು ಮುಚ್ಚಿ ತಲೆದೂಗುತ್ತಾನೆ, ದೋಣಿ ಬಡಿಯುತ್ತದೆ, 'ಸೆರಗು ನೆ—'. ಬಿದ್ದು ಬಿದ್ದು ನಕ್ಕ. ನೋಡುತ್ತಿದ್ದವರೂ ನಕ್ಕರು. ಆ ಕ್ಲಿಪ್ ಈಗ ಎಲ್ಲ ಕಡೆ ಓಡುತ್ತಿದೆ.

ಮೊದಮೊದಲು ನನಗೂ ನಗು ಬಂತು. ಇಲ್ಲಿ ಬರೆದಿಡುತ್ತೇನೆ, ನಕ್ಕಿದ್ದೆ.

ಡಿಸೆಂಬರ್ 10, ಬುಧವಾರ. ಬಸ್ಸಿನಲ್ಲಿ

ಅಜ್ಜಿಯ ತುಂಡು ಹಾಡು ರೀಲ್ ಆಗಿಬಿಟ್ಟಿದೆ. ಸ್ಕೂಟರ್ ಜಾರಿದರೆ ಅಜ್ಜಿ. ದೋಸೆ ಹರಿದರೆ ಅಜ್ಜಿ. ವಿಕೆಟ್ ಬಿದ್ದರೆ ಅಜ್ಜಿ. ಹಾಡು ಎತ್ತುತ್ತಾಳೆ, ಏನೋ ಬೀಳುತ್ತದೆ, ಕಟ್. ಆಫೀಸಿನಲ್ಲಿ ವಿಘ್ನೇಶಣ್ಣ ಕೆಳಗಿನ ಬೇಕರಿಯ ಕೇಕ್ ತರಿಸಿದ. ಗೇಮ್ ಬೇಕೆಂದು ಗುರುತು ಹಾಕಿಟ್ಟವರ ವಿಶ್‌ಲಿಸ್ಟ್ ಏರುತ್ತಲೇ ಇದೆಯಂತೆ. ತಿನ್ನಲಾಗಲಿಲ್ಲ.

ಈಗ ಹಿಂದಿನ ಸೀಟಿನಲ್ಲಿ ಯಾರೋ ನೋಡುತ್ತಿದ್ದಾರೆ. ಅಜ್ಜಿಯ ಧ್ವನಿ. ನಿಂತಿತು. ನಗು. ಮತ್ತೆ ಅಜ್ಜಿಯ ಧ್ವನಿ. ಕುಮಟೆ ಬರುವವರೆಗೂ ಹೀಗೇ ಆದರೆ — ತಿರುಗಿ ನೋಡುವ ಧೈರ್ಯವಿಲ್ಲ. ನೋಡಿ ಏನು ಹೇಳಲಿ.

ಡಿಸೆಂಬರ್ 12, ಶುಕ್ರವಾರ

ಅಮ್ಮನಿಗೆ ಗೊತ್ತಾಗಿದೆ. ಅವಳ ಮಹಿಳಾ ಸಂಘದ ಮೊಬೈಲ್ ಗ್ರೂಪಿಗೆ ಆ ರೀಲ್ ಬಂತಂತೆ. ಅಜ್ಜಿಯ ಮುಂದೆ ಯಾರೂ ಮೊಬೈಲ್ ತೆರೆಯಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಸೂರ್ಯನಿಗೆ ಕೊಡೆ ಹಿಡಿದ ಹಾಗೆ.

ಅಜ್ಜಿಗೆ ಅದು ಶೀತವಲ್ಲ. ಶೀತವಾಗಿದ್ದರೆ ಇಷ್ಟು ದಿನ ಇರುತ್ತದೆಯೇ. ನಾಳೆ ಕುಮಟೆಯ ಡಾಕ್ಟರ ಹತ್ತಿರ.

ಡಿಸೆಂಬರ್ 27, ಶನಿವಾರ

ಬರೆಯಲು ಕೈ ಬರಲಿಲ್ಲ ಇಷ್ಟು ದಿನ.

ಧ್ವನಿಪೆಟ್ಟಿಗೆಯ ಮೇಲೆ ಗಂಟು. ಮಂಗಳೂರಿನಲ್ಲಿ ನೋಡಿದರು. ಜೀವಕ್ಕೆ ತೊಂದರೆಯಿಲ್ಲ, ತೆಗೆದರಾಯಿತು ಎಂದರು. ಜನವರಿ ಎಂಟಕ್ಕೆ ಆಸ್ಪತ್ರೆಗೆ ಬಂದು ಸೇರಬೇಕು. ಧ್ವನಿ? ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಮಾತಾಡುವಷ್ಟು ಬರುತ್ತದೆ, ಹಾಡುವಷ್ಟು ಬರುತ್ತದೆ ಎಂದು ನಾನು ಹೇಳಲಾರೆ ಎಂದರು.

ಗಂಟು ಮೊದಲೇ ಇತ್ತು. ಎಷ್ಟೋ ತಿಂಗಳಿನದು ಎಂದು ಅವರೇ ಹೇಳಿದ್ದಾರೆ. ಹಾಡಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಆದರೂ ಆ ಮಷಿನ್ ಸದ್ದಿಗೆ ಕೈ ಎತ್ತಿದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಡಿಸೆಂಬರ್ 29, ಸೋಮವಾರ

ಆಯಿತು. ಹೆದರಿದ್ದೇ ಆಯಿತು.

ಬೇಡವೆಂದರೂ ಅಜ್ಜಿ ಹರಿವೆ ಸೊಪ್ಪು ಹೊತ್ತು ಕುಮಟೆ ಸಂತೆಮಾರ್ಕೆಟ್ಟಿಗೆ ಹೋಗಿದ್ದಳು. ಪಕ್ಕದಲ್ಲಿ ಕೂತು ಸೌತೆಕಾಯಿ ಮಾರುವ ಸರೋಜಾ ಮೊಬೈಲ್ ತೋರಿಸಿದ್ದಾಳೆ. ಹೆಮ್ಮೆಯಿಂದಲೇ ತೋರಿಸಿದ್ದು, ಪಾಪ — ಮಾಸ್ತಮ್ಮಕ್ಕ, ನೀ ಫೇಮಸ್ ಆಗೀಯೆ ಎಂದು. ಅಜ್ಜಿ ಮನೆಗೆ ಬಂದು ಬುಟ್ಟಿ ಬೋರಲು ಹಾಕಿ ಕೂತಳು. ನಾನು ಹತ್ತಿರ ಹೋದೆ.

"ಸರೋಜಾನ ಮೊಬೈಲಲ್ಲಿ ನಾ ಹಾಡ್ತೆ. ಯಾರೋ ಜಾರಿ ಬಿದ್ದ. ನಾ ನಿಂತೆ. ಎಲ್ಲ ನಗಾಡ್ರು."

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

"ಎಷ್ಟು ಜನ ನೋಡೀರು ತಂಗಿ?"

ಸುಳ್ಳು ಹೇಳಲಾಗಲಿಲ್ಲ. "ಲಕ್ಷಗಟ್ಲೆ ಅಜ್ಜಿ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಅಷ್ಟೂ ಹೆಣ್ಣು ನಡುಹೊಳೆಲೇ?"

ಅಷ್ಟೇ ಕೇಳಿದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಡಿಸೆಂಬರ್ 30, ಮಂಗಳವಾರ

ಬೆಳಿಗ್ಗೆ ಸೊಪ್ಪಿನ ಗದ್ದೆಯಲ್ಲಿ ಅಜ್ಜಿ ಗುನುಗುತ್ತಿದ್ದಳು. ಗಂಟಲಿನಲ್ಲಿ ಗಾಳಿಯೇ ಹೆಚ್ಚು, ಹಾಡು ಕಮ್ಮಿ. ನಾನು ಕೇಳದ ಸೊಲ್ಲುಗಳು. ದೋಣಿ ದಡಕ್ಕೆ ಬರುವುದು, ಅತ್ತೆಮನೆಯವರು ಕೈ ಹಿಡಿದು ಇಳಿಸಿಕೊಳ್ಳುವುದು. ಮುಗಿಯುತ್ತದೆ, ಒಂದು ಸೂಡಿ ಸೊಪ್ಪು ಕಟ್ಟುತ್ತಾಳೆ, ಮತ್ತೆ ನಡುವಿನಿಂದಲೇ ಶುರು. ಮೊದಲರ್ಧ ಇಲ್ಲವೇ ಇಲ್ಲ.

"ಡಾಕ್ಟ್ರು ಗಂಟ್ಲಿಗೆ ತ್ರಾಸು ಕೊಡ್ಬೇಡ ಅಂದಿರಲ್ಲ ಅಜ್ಜಿ."

"ಎಂಟನೇ ತಾರೀಕಿನವರೆಗೆ ಆದಷ್ಟು ಹೆಣ್ಣ ದಡ ಮುಟ್ಟಿಸ್ತೆ."

ಬೇಲಿಯಾಚೆಯಿಂದ ಬಂಗಾರಿಯ ಸೊಸೆ ನನ್ನನ್ನು ನೋಡಿ ತಲೆಯ ಹತ್ತಿರ ಬೆರಳು ತಿರುಗಿಸಿದಳು. ಅರಳುಮರಳು ಅಂತೆ. ಸಿಟ್ಟು ಬಂತು. ಆ ಲಕ್ಷ ಜನರ ಪೈಕಿ ಒಬ್ಬನಿಗಾದರೂ ಇಷ್ಟು ಬುದ್ಧಿ ನೆಟ್ಟಗಿದ್ದರೆ ಸಾಕಿತ್ತು.

ಜನವರಿ 2, ಶುಕ್ರವಾರ

ಹೊನ್ನಾವರದಲ್ಲಿ ಜಗಳ. ನಾನು ಇಷ್ಟು ಜೋರಾಗಿ ಮಾತಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಹಾಡು ತೆಗೆಯಿರಿ, ಇಲ್ಲವಾದರೆ ಮುಗಿಯಲು ಬಿಡಿ ಎಂದೆ.

"ಜನ ಬರ್ತಿರೋದೇ ಆ ಕಟ್ ಕೇಳೂಕೆ," ಎಂದ ವಿಘ್ನೇಶಣ್ಣ. "ತೆಗೆದ್ರೆ ಉಳ್ಯೂದೆಂತ?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರ ಪೈಕಿ. ಇವನಿನ್ನೂ ಹೊಳೆ ದಾಟಿಯೂ ಇಲ್ಲ. ಕೆಲಸ ಬಿಡುತ್ತೇನೆ ಎಂದೆ. ಅಜ್ಜಿಯ ಗಂಟಲಿನ ವಿಷಯವನ್ನೂ ಹೇಳಿದೆ. ಅವನು ತಲೆ ತಗ್ಗಿಸಿದ. ಕೆಟ್ಟವನಲ್ಲ, ಅದೇ ಕಷ್ಟ.

ಅಫ್ಫಾನ್ ಕುರ್ಚಿ ತಿರುಗಿಸಿದ. "ಅಂಬಿಗ ಬಿದ್ರೆ ಬೀಳ್ಲಿ. ದೋಣಿ ಯಾಕೆ ಮುಳುಗ್ಬೇಕು? ಹಾಡಿನ ಜೊತೆ ಅದು ತಾನೇ ಹೋಗ್ಲಿ. ಹುಡುಗಿ ದಡ ಇಳಿದ ಮೇಲೇ ಮತ್ತೆ ಆಟ. ಸೋತವ ಕೂತು ನೋಡ್ಲಿ, ಎಂತ ಆಗ್ತದೆ?"

ವಿಘ್ನೇಶಣ್ಣ ಕ್ಯಾಲೆಂಡರ್ ನೋಡಿದ. ಆಮೇಲೆ, "ಗೇಮ್ ತಿದ್ದಿದ ಪ್ಯಾಚ್ ಏಳನೇ ತಾರೀಕು ಸಂಜೆ ಹಾಕುವ. ಪೂರ್ತಿ ಹಾಡು ಕೊಡು," ಎಂದ.

ಕುಣಿಯಬೇಕಿತ್ತು ನಾನು. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಪೂರ್ತಿ ಹಾಡು ಎಲ್ಲಿದೆ?

ಜನವರಿ 5, ಸೋಮವಾರ

ಉಳಿದರ್ಧವನ್ನಷ್ಟೇ ಹಾಡಿಬಿಡಜ್ಜಿ, ಮೊದಲಿನದಕ್ಕೆ ನಾನು ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ ಎಂದೆ. ಅಜ್ಜಿ ಒಪ್ಪಲಿಲ್ಲ.

"ನಾ ಗದ್ದೇಲಿ ಹಾಡುದು ನನ್ನ ಸಮಾಧಾನಕ್ಕೆ. ಕೊಡುದಾದ್ರೆ ಮೊದ್ಲಿಂದ ಎತ್ಬೇಕು. ಈ ಗಂಟ್ಲಲ್ಲಿ ಎರಡೂ ಕಡೆ ಆಗ. ನಾ ಎತ್ತಿಕೊಡ್ತೆ, ನೀ ಹಿಡಿ."

"ನಂಗೆ ಬರೂದಿಲ್ಲ ಅಜ್ಜಿ."

"ಬಂಗಾರಿಗೂ ಮೊದ್ಲು ಬರ್ತಿರ್ಲಿಲ್ಲ."

ನಿನ್ನೆ, ಇವತ್ತು ಕಲಿತೆ. ಕಲಿತೆ ಅನ್ನಬೇಕು ಅಷ್ಟೇ. ಅಜ್ಜಿ ಪಿಸುಮಾತಿನಲ್ಲಿ ಹೇಳಿಕೊಡುತ್ತಾಳೆ, ನಾನು ಕತ್ತೆ ಕೂಗಿದ ಹಾಗೆ ಕೂಗುತ್ತೇನೆ. ಸೊಲ್ಲಿನ ಕೊನೆಗೆ ಉಸಿರು ಸಾಲುವುದಿಲ್ಲ. ಅಜ್ಜಿ ನಿಲ್ಲಿಸಿದ ಕೂಡಲೇ ಹಿಡಿಯಬೇಕು, ಸಂದು ಬಿಡಬಾರದು. ನಾನು ಪ್ರತಿ ಸಲವೂ ತಡ. ಗೇಮಿನಲ್ಲಾದರೆ ಎಷ್ಟು ಸಲ ಸತ್ತರೂ ಮತ್ತೆ ಮೊದಲಿಂದ ಸಿಗುತ್ತದೆ. ಇಲ್ಲಿ ಅಜ್ಜಿಯ ಗಂಟಲು ಒಂದೇ ಸಲಕ್ಕೆ ಸಾಲುವಷ್ಟಿದೆ. ಅದನ್ನು ಅವಳೇ ಹೇಳಿದಳು. "ಒಂದು ಸಲ ಆಗ್ತದೆ. ಎರಡ್ನೇದು ಆಗ."

ನಾನು ತಪ್ಪಿದರೆ?

ಜನವರಿ 7, ಬುಧವಾರ. ಬೆಳಿಗ್ಗೆ

ಕಿಟಕಿಗೆ ಕಂಬಳಿ. ಫ್ಯಾನ್ ಬಂದ್. ಕೋಳಿ ಬುಟ್ಟಿಯಡಿ. ಗದ್ದೆಯಲ್ಲಿ ಈಗ ಯಾವ ಮಷಿನೂ ಇಲ್ಲ, ಆದರೂ ಅಮ್ಮ ಹೋಗಿ ದಾರಿಯ ತುದಿಯಲ್ಲಿ ನಿಂತಿದ್ದಾಳೆ, ಬೈಕ್ ಬಂದರೆ ತಡೆಯಲು. ಅಫ್ಫಾನ್ ಮೆಸೇಜ್ — ಎಲ್ಲ ರೆಡಿ, ಹಾಡಿಗೆ ಕಾಯುತ್ತಿದ್ದೇನೆ. ನಾಳೆ ಬೆಳಿಗ್ಗೆಯ ರೈಲಿಗೆ ಮಂಗಳೂರು. ಬ್ಯಾಗ್ ಬಾಗಿಲ ಹತ್ತಿರವೇ ಇದೆ.

ಮೈಕ್ ಹಾಕಿದ್ದೇನೆ. ಅಜ್ಜಿ ಅದೇ ಸೀರೆ. ಕಾಳುಮೆಣಸಿನ ಬಿಸಿನೀರು ಕುಡಿಯುತ್ತಿದ್ದಾಳೆ, ಒಂದೊಂದೇ ಗುಟುಕು. ಸುಮ್ಮನೆ ಕಾಯಲಾಗದೆ ಇದನ್ನು ಬರೆಯುತ್ತಿದ್ದೇನೆ.

"ಎಂತ ಬರೀತಿ? ಸಾಕು ಮಾಡು."

"ಈ ಒಂದು ಸಾಲು ಮುಗಿಸ್ತೆ ಅಜ್ಜಿ."

"ಅದು ಅರ್ಧ ಇದ್ರೂ ಅಡ್ಡಿಲ್ಲ."

ಲೋಟ ಕೆಳಗಿಟ್ಟಳು. ಕಣ್ಣು ಮುಚ್ಚಿದಳು. ಎತ್ತಿದಳು. ಧ್ವನಿ ಒಡೆಯುತ್ತಿದೆ, ಆದರೂ ದೋಣಿ ದಡ ಬಿಟ್ಟಿತು. ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಾಳೆ. ಸೊಲ್ಲು ಮುಗಿಯುತ್ತ ಬಂತು, ಈಗ ನಾನು