ತುತ್ತೂರಿ ಊದುವವರ ಸರದಿ

ಅಕ್ಕಾ, ಇದನ್ನು ನೀನೊಬ್ಬಳೇ ಓದು. ನಿನ್ನೆ ಮುದ್ರಣಾಲಯದ ಕಾರ್ಮಿಕರ ಸಭೆಯಲ್ಲಿ ಜಾಝ್ ತಂಡದವರು ಹಳೆಯ ಹಾಡೊಂದನ್ನು ನುಡಿಸಿದರು. ಅದು ನಾಟಕದ ಹಾಡಂತೆ. ನಾಟಕ ಮಣ್ಣುಮುಕ್ಕಿದರೂ ವಾದ್ಯದವರು ಹಾಡನ್ನು ಬಿಡಲಿಲ್ಲವಂತೆ. ಮೊದಲು ಎಲ್ಲರೂ ಸೇರಿ ಮೂಲ ಧಾಟಿಯನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಸರದಿಯಂತೆ ಅದನ್ನು ತಮ್ಮಿಷ್ಟದಂತೆ ಬೆಳೆಸುತ್ತಾರೆ. ಪಿಯಾನೊದವನ ಸರದಿ ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ಹಾಡೇ ಮುಗಿಯಿತೆಂದುಕೊಂಡು ನಾನು ವೇದಿಕೆಗೆ ನುಗ್ಗಿ, "ದುಡಿಯುವವರ ಬಾಯಿ ಮುಚ್ಚಿಸುವವರಿಗೆ ಧಿಕ್ಕಾರ!" ಎಂದು ಭಾಷಣ ಬಿಗಿದೆ. ಪಕ್ಕದಲ್ಲೇ ತುತ್ತೂರಿಯನ್ನು ತುಟಿಗಿಟ್ಟು ಕಾಯುತ್ತಿದ್ದ ತಂಡದ ಅಜ್ಜಿಯೊಬ್ಬರು ಕೊನೆಗೆ ಕೇಳಿದರು: "ನಿಂದು ಮುಗೀತಾ ಮರಿ? ಈಗ ನಾನು ಊದ್ಲಾ?"

ಸಭೆಗೆ ಸಭೆಯೇ ನಕ್ಕಿತು. ಅವರು ಊದಿದ್ದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ನನ್ನ ಕೆಮ್ಮು ವಾಸಿಯಾಗಿದೆ. ಅಪ್ಪ ಕೇಳಿದರೆ, ಭಾಷಣ ಆಯಿತೆಂದಷ್ಟೇ ಹೇಳು.

ನಿನ್ನ ತಮ್ಮ