ಮದುಕ್ಕರೈಗೆ ಬಂದ ಹಿಮಚಿರತೆ

ಮದುಕ್ಕರೈ
೧೮ ಮೇ ೨೦೨೫

ಪ್ರೀತಿಯ ಸುಶೀ,

ನಿನ್ನ ಪತ್ರಗಳಿಗೆ ಉತ್ತರ ಬರೆಯಲಿಲ್ಲವೆಂದು ಕೋಪವಿರಬೇಕು. ಕ್ಷಮಿಸು. ಫೋನಿನಲ್ಲೂ ಅಪ್ಪನ ಮಂಡಿನೋವು, ಇಲ್ಲಿಯ ಬಿಸಿಲು ಎಂದು ಮಾತು ತಿರುಗಿಸುತ್ತಿದ್ದೆ. ನಿನ್ನ ಧ್ವನಿ ಕೇಳುತ್ತಾ ಹೇಳಲಾಗದ್ದು ಕಾಗದದಲ್ಲಾದರೂ ಬಂದೀತೆಂದು ಕೂತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಶೀನು ಬದುಕಿದ್ದಾನೆ, ತಿನ್ನುತ್ತಿದ್ದಾನೆ.

ಗುಡ್ಡ ಕುಸಿದು ನಿಮ್ಮ ಹಿಮಾಲಯದ ಮೃಗಾಲಯ ಮುಚ್ಚಿದಾಗ, ನೀನು ಬಾಟಲಿ ಹಾಲು ಕುಡಿಸಿ ಬೆಳೆಸಿದ ಹಿಮಚಿರತೆಯನ್ನು ಈ ಬಿಸಿಲೂರಿಗೆ ಕಳಿಸಿದರೆಂದು ನೀನು ಅತ್ತಿದ್ದೆ. ಇಲ್ಲಿಯ ಮೃಗಾಲಯದಲ್ಲಿ ಡಾಕ್ಟರ್ ಆಗಿ ನಾನಿದ್ದೇನಲ್ಲ ಎಂದು ನಾನು ಸಮಾಧಾನ ಹೇಳಿದ್ದೆ. ಅವನಿಗೆಂದೇ ಕಟ್ಟಿಸಿದ ತಣ್ಣನೆಯ ಕೋಣೆ ಚೆನ್ನಾಗಿಯೇ ಇತ್ತು. ಅವನು ಮಾತ್ರ ಮಾಂಸವನ್ನು ಮೂಸಿ ಬಿಟ್ಟು, ಬಾಲದಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ಮಲಗುತ್ತಿದ್ದ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ತಂಪು ಯಂತ್ರದ ಮೋಟಾರು ಸುಟ್ಟುಹೋಯಿತು. ನಮ್ಮ ಮೆಕ್ಯಾನಿಕ್ ವೆಂಕಟಾಚಲಂ ಇಲ್ಲಿಯ ಕನ್ನಡ ಮನೆಮಾತಿನ ನೇಕಾರರ ಮನೆಯವರು, ನನ್ನ ಜೊತೆ ತಮಿಳು ಬೆರೆತ ಕನ್ನಡವೇ. ಬಿಚ್ಚಿ ನೋಡಿ ತಲೆಯಾಡಿಸಿದರು. "ಡಾಕ್ಟ್ರಮ್ಮಾ, ಕಾಯಿಲ್ ಪೂರಾ ಪೋಯ್ತು. ಟೌನ್‌ನಿಂದ ವೇರೆ ಮೋಟಾರ್ ತರ್ಬೇಕು. ಅದುವರ್ಗೂ ಚಿರ್ತೆ ತಾಂಗುತ್ತಾ?"

ತಡೆದುಕೊಳ್ಳುತ್ತಾನೋ ಇಲ್ಲವೋ ನನಗೇನು ಗೊತ್ತು? "ಬೇಗ ಬನ್ನಿ" ಎಂದಷ್ಟೇ ಹೇಳಿದೆ.

ಒಳಗೆ ಸೆಕೆ ಏರುತ್ತಾ ಹೋಯಿತು. ಶೀನು ನಾಲಗೆ ಚಾಚಿ ಏದುಸಿರು ಬಿಡುತ್ತಿದ್ದ. ಮತ್ತಿನ ಮದ್ದು ಕೊಟ್ಟು ಹೊರಗೆ ತರೋಣವೆಂದರೆ, ಆ ಸ್ಥಿತಿಯಲ್ಲಿ ಮತ್ತೆ ಏಳದೇ ಹೋದರೆ? ಮೀನು ಮಾರ್ಕೆಟ್ಟಿನಿಂದ ಮಂಜುಗಡ್ಡೆ ತರಿಸಿ ಊಟದ ಕಿಂಡಿಯಿಂದ ಒಳಗೆ ತಳ್ಳಿದೆವು. ನಮ್ಮ ಗದ್ದಲಕ್ಕೆ ಹೆದರಿ ಅವನು ದೂರದ ಮೂಲೆಗೆ ಸರಿದು ಅಲ್ಲೇ ಕಾಲು ಚಾಚಿದ. ಮಂಜುಗಡ್ಡೆ ಕಣ್ಣೆದುರೇ ಕರಗುತ್ತಿತ್ತು.

ಎಲ್ಲರನ್ನೂ ಹೊರಗೆ ಕಳಿಸಿ, ಕಿಂಡಿಯ ಬಳಿ ಕೂತು, ನೀನು ಫೋನಿಗೆ ಕಳಿಸಿದ್ದ ನಿನ್ನ ಧ್ವನಿಯನ್ನು ಹಾಕಿದೆ.

"ಶೀನೂ, ಬಾರೋ. ಬಾರಪ್ಪಾ."

ಕಿವಿ ಅಲುಗಿತು. ಎದ್ದ, ಕುಸಿದ, ಮತ್ತೆ ಎದ್ದ. ತೆವಳಿಕೊಂಡು ಬಂದು ಮಂಜುಗಡ್ಡೆಯ ಮೇಲೆ ಎದೆಯಿಟ್ಟು, ಮೂಗನ್ನು ಕಿಂಡಿಗೆ ಒತ್ತಿದ. ವೆಂಕಟಾಚಲಂ ಹೊಸ ಮೋಟಾರು ತಂದು ಜೋಡಿಸಿ ತಂಪು ಗಾಳಿ ಬೀಸುವವರೆಗೂ ನಾನು ಅದನ್ನೇ ಹಾಕುತ್ತಾ ಇದ್ದೆ. ಹೊರಗೆ ಬಂದಾಗ ಅವರು, "ಉಯಿರು ಇದೆಯಾಮ್ಮಾ?" ಎಂದರು. ಜೀವ ಇದೆ ಎಂದೆ. ಆ ಮನುಷ್ಯ ನೆಲದ ಮೇಲೇ ಕೂತುಬಿಟ್ಟರು.

ಈಗ ಬದಲಿ ಮೋಟಾರೊಂದು ಸದಾ ಸಿದ್ಧವಿದೆ. ನಿನ್ನೆ ಶೀನು ಮೂಳೆ ಸಹ ಬಿಡದೆ ತಿಂದು ಬಂಡೆಯ ಮೇಲೆ ಹತ್ತಿ ಮಲಗಿದ.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ರಾಯರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಪದ್ಮಪ್ರಿಯಾ

ತಾ.ಕ.: "ಶೀನು ನನ್ನನ್ನು ಮರೆತನೇ?" ಎಂದು ನೀನು ಕೇಳಿದ್ದೆ. ಇಲ್ಲ. ಆ ದಿನದಿಂದ ಅವನು ಕಿಂಡಿಯ ಕೆಳಗೇ ಮಲಗುತ್ತಿದ್ದ. ಯಾರು ತೆರೆದರೂ ಎದ್ದು, ಅವರ ಹಿಂದೆ ಯಾರಿದ್ದಾರೆಂದು ಇಣುಕಿ ನೋಡಿ, ಮಾಂಸ ಬಿಟ್ಟು ಹೋಗುತ್ತಿದ್ದ. ಇನ್ನೊಂದು ಸಲ ನಿನ್ನ ಧ್ವನಿ ಹಾಕಲು ನನಗೆ ಧೈರ್ಯ ಬರಲಿಲ್ಲ. ಹೋದ ವಾರವಷ್ಟೇ ಇಣುಕುವುದನ್ನು ಬಿಟ್ಟ, ಆಮೇಲೆ ತಿನ್ನತೊಡಗಿದ. ಜೂನಿನಲ್ಲಿ ರಜೆ ಹಾಕಿ ಅವನನ್ನು ನೋಡಲು ಬರುತ್ತೇನೆಂದು ಬರೆದಿದ್ದೀಯ. ಟಿಕೆಟ್ ರದ್ದು ಮಾಡು, ಸುಶೀ. ಬರಬೇಡ.