ಆಯುಧಪೂಜೆಯ ದಿನ ಮುಟ್ಟದ ಕಂಪ್ಯೂಟರ್

ಪಾಪಟೊಯಿಟೊಯಿ, ಆಕ್ಲೆಂಡ್
೧೩ ಮಾರ್ಚ್ ೨೦೧೩, ಬುಧವಾರ

ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ನಿನಲ್ಲಿರುವ ನಮ್ಮ ವೇದಾಳಿಗೆ, ಅವಳ ತಾಯಿಯ ಒಬ್ಬನೇ ತಮ್ಮನಾದ ನಾನು ಮನಸಾರೆ ಮಾಡುವ ಆಶೀರ್ವಾದ.

ಮೊದಲಿಗೆ ಒಂದು ಹೆಮ್ಮೆಯ ಸಂಗತಿ. ಈ ದೇಶದ ಹಾಡಿನ ಕಂಪನಿಗಳೆಲ್ಲ ಸೇರಿ ಸಂಘ ಕಟ್ಟಿಕೊಂಡಿರುವುದು ನಿನ್ನ ಮಾವನೊಬ್ಬನಿಗೆ ಹೆದರಿ. ಚಳ್ಳಕೆರೆ ಸೀಮೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವನೊಬ್ಬ ಇಂಟರ್ನೆಟ್ಟನ್ನು ಕಿರುಬೆರಳಲ್ಲಿ ಆಡಿಸುತ್ತಾನೆಂದು ಅವರಿಗೆ ನಿದ್ದೆಯೇ ಇಲ್ಲವಂತೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ, ವೇದಾ. ನಿದ್ದೆಯಿಲ್ಲದಿರುವುದು ನನಗೆ. ಭಾನುವಾರ ನೀನು ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅಂದೆನಲ್ಲ, ಏನೂ ಚೆನ್ನಾಗಿಲ್ಲ. ಫೋನು ಹಿಡಿದರೆ ನನ್ನ ನಾಲಗೆ ಬಡಾಯಿಗೆ ಹೊರಡುತ್ತದೆ, ಅದಕ್ಕೇ ಈ ಕಾಗದ. ಇದರ ಜೊತೆ ನಾಲ್ಕು ಇಂಗ್ಲಿಷ್ ಪತ್ರಗಳನ್ನು ಇಟ್ಟಿದ್ದೇನೆ. ನಾಲ್ಕರ ಮೇಲೂ ನಿನ್ನ ಹೆಸರಿದೆ. ನಾಲ್ಕನ್ನೂ ಒಡೆದದ್ದು ನಾನು. ಬಚ್ಚಿಟ್ಟದ್ದೂ ನಾನೇ.

ಕಳೆದ ವರ್ಷ ನೀನು ಕ್ರೈಸ್ಟ್‌ಚರ್ಚಿನ ಕೆಲಸಕ್ಕೆ ಹೊರಟಾಗ ಇಂಟರ್ನೆಟ್ ಕನೆಕ್ಷನ್ ನಿನ್ನ ಹೆಸರಿನಲ್ಲೇ ಉಳಿಯಿತು. ಬದಲಾಯಿಸಲು ಕಂಪನಿಯವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಟೈಮಿಲ್ಲ ಅಂದೆ. ಟೈಮು ಬೇಕಾದಷ್ಟಿತ್ತು.

ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳಿ ಬಂದು ನಾನು ಮಾಡುತ್ತಿದ್ದ ಕೆಲಸ ಒಂದೇ, ಹಾಡು ಇಳಿಸುವುದು. ನಮ್ಮ ಕನ್ನಡದವರು ಸೇರಿದಲ್ಲೆಲ್ಲ, ಯಾವ ಹಾಡು ಬೇಕು ಕೇಳಿ, ನಾಳೆ ಬೆಳಗ್ಗೆ ತಂದುಕೊಡದಿದ್ದರೆ ಮೀಸೆ ಬೋಳಿಸ್ತೀನಿ ಅನ್ನುತ್ತಿದ್ದೆ. ಹಿರಿಯರಿಗೆ ಹಳೆಯ ಹಾಡು, ಭಜನೆ. ಹಿಂದಿನ ಬೀದಿಯ ಅರುಂಧತಿಯ ಮಗಳು ಸಂಯುಕ್ತಾ ದೀಪಾವಳಿ ಡ್ಯಾನ್ಸಿಗೆ ಇಂಗ್ಲಿಷ್ ಹಾಡು ಕೇಳಿದಳು, ಅದನ್ನೂ ತಂದೆ. ಮಕ್ಕಳೆಲ್ಲ ಸಾಂಗ್ ಅಂಕಲ್ ಅಂತ ಕರೆಯುತ್ತಿದ್ದರು. ಆ ಹೆಸರು ನನಗೆ ಎಷ್ಟು ಹಿತವಾಗಿತ್ತು ಗೊತ್ತಾ?

ಹೋದ ಜುಲೈನಲ್ಲಿ ಇಂಟರ್ನೆಟ್ ಕಂಪನಿಯಿಂದ ಮೊದಲನೇ ಪತ್ರ ಬಂತು. ಈ ಮನೆಯ ಕನೆಕ್ಷನ್ನಿನಿಂದ ಕದ್ದ ಹಾಡು ಹಂಚಿಕೆಯಾಗಿದೆ, ನಿಲ್ಲಿಸಿ ಅಂತ ಅದರಲ್ಲಿತ್ತು. ಡಿಕ್ಷನರಿ ಹಿಡಿದು ಓದಿಕೊಂಡೆ. ಇಳಿಸುವ ಸಾಫ್ಟ್‌ವೇರ್ ಬರೀ ಇಳಿಸುವುದಿಲ್ಲ, ನಮ್ಮಲ್ಲಿರುವ ಹಾಡನ್ನು ಊರಿಗೆಲ್ಲ ಬಡಿಸುತ್ತಲೂ ಇರುತ್ತದೆ ಎಂಬುದು ಅವತ್ತು ತಿಳಿಯಿತು. ಬಡಿಸಿದರೆ ಪುಣ್ಯವಲ್ಲವೇ ಅಂದುಕೊಂಡು ಪತ್ರವನ್ನು ಅಕ್ಕಿ ಡಬ್ಬದ ಕೆಳಗೆ ತಳ್ಳಿದೆ. ಸೆಪ್ಟೆಂಬರಿನ ಮೊದಲ ವಾರ ಎರಡನೆಯದು ಬಂತು, ಇನ್ನೊಂದು ಸಲ ಸಿಕ್ಕಿಬಿದ್ದರೆ ಕೇಸು ಅಂತ. ಸಾಫ್ಟ್‌ವೇರಿನ ಕಿಟಕಿ ಮುಚ್ಚಿದೆ, ಕಂಪ್ಯೂಟರ್ ಆರಿಸಿದೆ, ಏಳು ವಾರ ಅದರ ಹತ್ತಿರ ಸುಳಿಯಲಿಲ್ಲ. ಇದು ಮಾತ್ರ ಸತ್ಯ, ನಿಮ್ಮಮ್ಮನ ಮೇಲಾಣೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಲಾರಿಗೆ, ಕುಡುಗೋಲಿಗೆ ಪೂಜೆ ಮಾಡಿ ಬೆಳೆದ ಕೈ ಸುಮ್ಮನಿರುತ್ತದೆಯೇ? ಕಂಪ್ಯೂಟರನ್ನು ಒರೆಸಿ, ವಿಭೂತಿ ಬಳಿದು, ಚೆಂಡುಹೂ ಇಳಿಬಿಟ್ಟು, ಪರದೆ ಮೇಲೆ ದೇವರ ಫೋಟೋ ಕಾಣಲೆಂದು ಆನ್ ಮಾಡಿದೆ. ಸಂಜೆ ಅರುಂಧತಿ ಕೋಸಂಬರಿ ತಂದಳು. ಪರದೆಯ ಮೂಲೆ ನೋಡಿ, “ತಿಪ್ಪಣ್ಣ, ಇಲ್ಲೇನೋ ಬಾಣದ ಗುರುತು ಮಿಣಮಿಣ ಅಂತಿದೆ, ಆಫ್ ಮಾಡ್ಲಾ?” ಅಂದಳು. “ಪೂಜೆಗಿಟ್ಟ ಆಯುಧಾನ ಇವತ್ತು ಮುಟ್ಟಬಾರದು ಕಣವ್ವ, ನಾಳೆ ಮಂಗಳಾರತಿ ಆಗಲಿ,” ಅಂತ ನಾನೇ ತಡೆದೆ. ಕಂಪ್ಯೂಟರ್ ಎದ್ದರೆ ಆ ಸಾಫ್ಟ್‌ವೇರೂ ತಾನಾಗಿಯೇ ಏಳುತ್ತದೆಂದು ನನಗೆ ಗೊತ್ತಿರಲಿಲ್ಲ. ದೇವರ ಫೋಟೋದ ಹಿಂದೆ ಇಡೀ ದಿನ ಸಂಯುಕ್ತಾಳ ಹಾಡು ಬಡಿಸುತ್ತಾ ಕೂತಿತ್ತು. ಮೂರನೇ ಪತ್ರದಲ್ಲಿರುವ ತಾರೀಕು ನೋಡು, ಅಕ್ಟೋಬರ್ ೨೩.

ಹೋದ ವಾರ ನಾಲ್ಕನೆಯದು ಬಂತು. ಅದು ಕಾಪಿರೈಟ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿಯದು. ಹದಿನೈದು ಸಾವಿರ ಡಾಲರಿನವರೆಗೂ ದಂಡ ಹಾಕಬಹುದಂತೆ, ಅದೂ ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ನೀನು ಹೇಳುವುದೇನಿದ್ದರೂ ಮುಂದಿನ ಶುಕ್ರವಾರ, ೨೨ನೇ ತಾರೀಕಿನೊಳಗೆ ತಲುಪಬೇಕು. ದುಡ್ಡಿಗಿಂತ ನನ್ನನ್ನು ತಿನ್ನುತ್ತಿರುವುದು ನಿನ್ನ ರೆಸಿಡೆನ್ಸಿ. ಇಲ್ಲೇ ಕಾಯಂ ನೆಲೆಸಲು ನೀನು ಹಾಕಿದ ಅರ್ಜಿ ಇನ್ನೂ ಇಮಿಗ್ರೇಷನ್ನಿನವರ ಮೇಜಿನ ಮೇಲಿದೆ. ನಡತೆ ಒಳ್ಳೆಯದಾ ಅಂತ ಅವರು ಕೇಳುತ್ತಾರಲ್ಲ, ಅಲ್ಲಿ ನನ್ನ ಚಟದ ಮಸಿ ನಿನ್ನ ಮುಖಕ್ಕೆ ಬಿದ್ದರೆ?

ಬೀದಿಯಲ್ಲಿ ವ್ಯಾನು ನಿಂತರೆ ದೀಪ ಆರಿಸುತ್ತೇನೆ. ಪಕ್ಕದ ಮನೆಯವನು ತನ್ನ ಯೂಟ್ ಗಾಡಿ ರಿವರ್ಸ್ ತೆಗೆದರೂ ಕಿಟಕಿ ಪರದೆಯ ಹಿಂದೆ ನಿಲ್ಲುತ್ತೇನೆ. ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬೀರುವಿನೊಳಗಿಟ್ಟಿದ್ದೇನೆ, ಹೆಣ ಬಚ್ಚಿಟ್ಟ ಹಾಗೆ. ಬಚ್ಚಲಿನಲ್ಲಿ ಹಾಡು ಗುನುಗುವುದನ್ನೂ ಬಿಟ್ಟೆ. ಯಾರು ಎಣಿಸುತ್ತಿದ್ದಾರೋ.

ನಿನ್ನೆ ತಡೆಯಲಾರದೆ ಅರುಂಧತಿಯ ಮುಂದೆ ಪತ್ರಗಳನ್ನು ಹರವಿದೆ. “ಹುಡುಗಿ ಹೆಸರಲ್ಲಿ ಬಂದ ಕಾಗದ ಹುಡುಗಿಗೆ ಕೊಡೋಕೆ ನಿಮಗೇನು ಧಾಡಿ?” ಅಂತ ಉಗಿದಳು. ರೆಸಿಡೆನ್ಸಿ ಏನಾಗುತ್ತೆ ಅಂತ ಕೇಳಿದೆ. “ನಂಗೊತ್ತಿಲ್ಲ ತಿಪ್ಪಣ್ಣ. ಅವಳು ಉತ್ತರಾನೇ ಕೊಡದೆ ಕೂತ್ರೆ ಮಾತ್ರ ಕೆಟ್ಟದಾಗಿ ಕಾಣುತ್ತೆ,” ಅಂದಳು. ಅವಳಿಗೂ ಗೊತ್ತಿಲ್ಲ ಎಂದಾಗ ಪೆನ್ನು ಅವಳ ಕೈಗಿಟ್ಟೆ.

ಆಮೇಲೆ ನಾನು ಹೇಳಿದ್ದನ್ನು ಅವಳು ಇಂಗ್ಲಿಷಿನಲ್ಲಿ ಬರೆದಳು, ನಾನು ರುಜು ಹಾಕಿದೆ. ಹಾಡು ಇಳಿಸಿದವನು ತಿಪ್ಪೇಸ್ವಾಮಿ, ಪತ್ರ ಮುಚ್ಚಿಟ್ಟವನೂ ಅವನೇ, ಆ ಮೂರು ತಾರೀಕುಗಳಲ್ಲೂ ವೇದಾ ಈ ಊರಿನಲ್ಲೇ ಇರಲಿಲ್ಲ ಅಂತ ಅದರಲ್ಲಿದೆ. ಅದನ್ನೂ ಇದೇ ಲಕೋಟೆಯಲ್ಲಿಟ್ಟಿದ್ದೇನೆ, ನಿನ್ನ ಉತ್ತರದ ಜೊತೆ ಕಳಿಸು. ನನ್ನನ್ನು ಉಳಿಸಲು ಒಂದಕ್ಷರವನ್ನೂ ಬದಲಾಯಿಸಬೇಡ. ಬೈಯಬೇಕೆಂದಿದ್ದರೆ ಶುಕ್ರವಾರ ಕಳೆದ ಮೇಲೆ ಬೈಯಿ, ಮೊದಲು ಉತ್ತರ ಬರಿ.

ಈ ಮನೆಗೆ ನೀನು ಒಂದು ಸೂಟ್‌ಕೇಸು ಹಿಡಿದು ಬಂದ ದಿನ, ಮಾವ ಇರುವಾಗ ಈ ದೇಶದಲ್ಲಿ ನಿನಗೇನು ಭಯ ಅಂತ ಹೇಳಿದ್ದೆ. ಈಗ ಆ ಭಯ ನಾನೇ ಆಗಿ ಕೂತಿದ್ದೇನೆ.

ನಿನ್ನ ಮುಖ ನೋಡಲು ಹೆದರುತ್ತಿರುವ
ಮಾವ
ತಿಪ್ಪೇಸ್ವಾಮಿ

ಮರೆತದ್ದು: ಮರೆತದ್ದೇನಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮೂರನೇ ಪತ್ರ ಬಂದಾಗ ಬದರಿನಾಥ್ ಅಂತ ಒಬ್ಬ ಸಿಕ್ಕಿದ. ಮೇನ್ ರೋಡಿನ ಸ್ವೀಟ್ ಅಂಗಡಿ ಮುಂದೆ ನಿಂತು, “ಟ್ರಿಬ್ಯೂನಲ್ಲಲ್ಲಿ ನಮ್ಮೋರೇ ಇದಾರೆ ಸಾರ್, ಫೈಲೇ ಮಾಯ ಮಾಡಿಸ್ತೀನಿ,” ಅಂದ. ಕ್ಯಾಶ್ ಕೊಟ್ಟೆ. ಜನವರಿಯಿಂದ ಅವನ ಫೋನು ಬಂದ್, ಆಸ್ಟ್ರೇಲಿಯಾಕ್ಕೆ ಹೋದನಂತೆ. ಇದೇ ಥರದ ಕೇಸೊಂದರಲ್ಲಿ ಯಾರಿಗೋ ಆರುನೂರು ಚಿಲ್ಲರೆ ಡಾಲರ್ ದಂಡ ಹಾಕಿ ಬಿಟ್ಟರು ಅಂತ ಪೇಪರಿನಲ್ಲಿ ಬಂದಿತ್ತೆಂದು ಅರುಂಧತಿ ನಿನ್ನೆ ಹೇಳಿದಳು. ಅವಳಿಗೆ ನಾನು ಕಳಕೊಂಡದ್ದು ಇನ್ನೂರು ಅಂದಿದ್ದೇನೆ. ನಿನಗೆ ಸುಳ್ಳು ಹೇಳುವುದಿಲ್ಲ. ನೀನು ಬಿಟ್ಟುಹೋದ ಕಾರು ಈಗ ಗ್ಯಾರೇಜಿನಲ್ಲಿಲ್ಲ, ನವೆಂಬರಿನಲ್ಲೇ ಮಾರಿದೆ. ಅದರ ಎರಡು ಸಾವಿರದ ನಾನೂರು, ನನ್ನ ಉಳಿತಾಯದ ಒಂದು ಸಾವಿರದ ಒಂಬೈನೂರು. ಬದರಿನಾಥನ ಕೈಗೆ ಹೋದದ್ದು ಒಟ್ಟು ನಾಲ್ಕು ಸಾವಿರದ ಮುನ್ನೂರು ಡಾಲರ್.